ಅತಿಥಿ ಸತ್ಕಾರವೋ, ಅಂತಸ್ತಿನ ಪ್ರದರ್ಶನವೋ?

ಮನೆಗೆ ನಾಲ್ಕು ಜನರನ್ನು ಕರೆದು ಊಟ ಹಾಕುವುದು ನಮ್ಮ ಸಮುದಾಯದಲ್ಲಿ ಒಂದು ಕಾಲಕ್ಕೆ ಅತ್ಯಂತ ಸರಳವಾದ ಕೆಲಸವಾಗಿತ್ತು. ಹಜ್ಜ್‌ಗೆ ಹೊರಟವರನ್ನು ಕರೆಯುತ್ತಿದ್ದರು, ಹೊಸದಾಗಿ ಮದುವೆಯಾದ ಮಗಳು-ಅಳಿಯನನ್ನು ಕರೆಯುತ್ತಿದ್ದರು, ಗಲ್ಫ್‌ನಿಂದ ರಜೆಯಲ್ಲಿ ಬಂದ ಸೋದರಳಿಯನನ್ನು ಕರೆಯುತ್ತಿದ್ದರು. ಒಂದು ಕೋಳಿ, ಒಂದಿಷ್ಟು ತುಪ್ಪದನ್ನ, ಅದರೊಂದಿಗೆ ಒಂದು ಪಾಯಸ. ಇಷ್ಟಾದರೆ ಅದು ಔತಣ. ಉಂಡವರು ದುಆ ಮಾಡಿ ಹೊರಡುತ್ತಿದ್ದರು. ಮುಂದಿನ ತಿಂಗಳು ಅವರ ಮನೆಯಿಂದ ಕರೆ ಬರುತ್ತಿತ್ತು.

ಇಂದು ಅದೇ ಔತಣ ಒಂದು ಪರೀಕ್ಷೆಯಾಗಿ ಮಾರ್ಪಟ್ಟಿದೆ. ಬಿರಿಯಾನಿ ಇದ್ದರೆ ಸಾಲದು, ತುಪ್ಪದನ್ನವೂ ಬೇಕು. ಕೋಳಿ ಇದ್ದರೆ ಸಾಲದು, ಆಡು ಬೇಕು, ಮೀನು ಬೇಕು, ಸಿಗಡಿ ಬೇಕು. ಮೊದಲು ಪಾನೀಯ, ಬಳಿಕ ಕರಿದ ತಿಂಡಿ, ನಡುವೆ ಊಟ, ಕೊನೆಗೆ ಎರಡು ಮೂರು ಬಗೆಯ ಸಿಹಿ. ಊಟಕ್ಕೆ ಮುನ್ನ ಬಿಸ್ಮಿಲ್ಲಾಹ್ ಹೇಳುವುದಕ್ಕಿಂತಲೂ ಮೊದಲು ಮೊಬೈಲ್‌ನಲ್ಲಿ ಮೇಜಿನ ಚಿತ್ರ ತೆಗೆಯಲಾಗುತ್ತದೆ. ಆ ಚಿತ್ರ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಅದನ್ನು ನೋಡಿದ ಇನ್ನೊಂದು ಮನೆಯ ಗೃಹಿಣಿ ತನ್ನ ಸರದಿ ಬಂದಾಗ ಇದಕ್ಕಿಂತ ಒಂದಾದರೂ ಬಗೆ ಹೆಚ್ಚಿಗೆ ಮಾಡಬೇಕಲ್ಲ ಎಂಬ ಚಿಂತೆಗೆ ಬೀಳುತ್ತಾಳೆ.

ಇದು ಕೇವಲ ಹಣದ ಪ್ರಶ್ನೆಯಾಗಿದ್ದರೆ ಅಷ್ಟೊಂದು ಆತಂಕ ಪಡಬೇಕಾಗಿರಲಿಲ್ಲ. ಆದರೆ ಈ ಪೈಪೋಟಿಯಿಂದ ನಷ್ಟವಾಗುತ್ತಿರುವುದು ಹಣಕ್ಕಿಂತಲೂ ಬೆಲೆಬಾಳುವ ಒಂದು ವಸ್ತು. ಅದು ಕುಟುಂಬ ಸಂಬಂಧ. ಅಣ್ಣನ ಮನೆಯಲ್ಲಿ ಹನ್ನೆರಡು ಬಗೆಯ ಊಟ ಉಂಡು ಬಂದ ತಮ್ಮ, ಆಟೋ ಓಡಿಸಿ ಸಂಸಾರ ತೂಗಿಸುವವನು, ಅಣ್ಣನನ್ನು ತನ್ನ ಮನೆಗೆ ಕರೆಯುವ ಧೈರ್ಯವನ್ನೇ ಕಳೆದುಕೊಳ್ಳುತ್ತಾನೆ. ಒಂದು ವರ್ಷ ಕಳೆಯುತ್ತದೆ. ಕರೆಯಲಾಗದ ಸಂಕೋಚದಿಂದ ಅಣ್ಣನ ಮನೆಗೆ ಹೋಗುವುದನ್ನೂ ಅವನು ನಿಲ್ಲಿಸುತ್ತಾನೆ. ಜಗಳವಿಲ್ಲ, ಮನಸ್ತಾಪವಿಲ್ಲ, ಆಸ್ತಿಯ ವ್ಯಾಜ್ಯವೂ ಇಲ್ಲ. ಆದರೂ ರಕ್ತಸಂಬಂಧವೊಂದು ಸದ್ದಿಲ್ಲದೆ ಸವೆದು ಹೋಗುತ್ತದೆ. ಸಂಬಂಧ ಕಡಿಯುವುದನ್ನು ಘೋರ ಪಾಪವೆಂದು ಕಲಿಸಿದ ಧರ್ಮದ ಅನುಯಾಯಿಗಳು ಅತಿಥಿ ಸತ್ಕಾರದ ಹೆಸರಿನಲ್ಲೇ ಸಂಬಂಧವನ್ನು ಕಡಿಯುತ್ತಿರುವುದಕ್ಕಿಂತ ದೊಡ್ಡ ವಿಪರ್ಯಾಸ ಬೇರೇನಿದೆ?

ಆದ್ದರಿಂದ ಮನೆಯ ಔತಣ ಯಶಸ್ವಿಯಾಯಿತೇ ಎಂದು ಅಳೆಯಲು ನಮಗೆ ಹೊಸದೊಂದು ಅಳತೆಗೋಲು ಬೇಕಾಗಿದೆ. ನಮ್ಮ ಮನೆಯಲ್ಲಿ ಉಂಡ ಅತ್ಯಂತ ಬಡ ಬಂಧುವಿಗೆ, ಮುಂದಿನ ತಿಂಗಳು ನಮ್ಮನ್ನು ತನ್ನ ಮನೆಗೆ ನಿಸ್ಸಂಕೋಚವಾಗಿ ಕರೆಯಬಹುದು ಎಂದೆನಿಸಿದರೆ ಆ ಔತಣ ಯಶಸ್ವಿ. ಹಾಗೆನಿಸದಿದ್ದರೆ, ಮೇಜಿನ ಮೇಲೆ ಎಷ್ಟು ಬಗೆಗಳಿದ್ದರೂ ಅದು ವಿಫಲ.

ಎರಡು ಆದರ್ಶಗಳು

ಅತಿಥಿ ಸತ್ಕಾರಕ್ಕೆ ಇಸ್ಲಾಮ್ ಕೊಟ್ಟಿರುವ ಮಹತ್ವ ಸಣ್ಣದಲ್ಲ. ಅಲ್ಲಾಹ್ ಮತ್ತು ಅಂತಿಮ ದಿನದಲ್ಲಿ ವಿಶ್ವಾಸವಿರುವವನು ತನ್ನ ಅತಿಥಿಯನ್ನು ಗೌರವಿಸಬೇಕೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಪವಿತ್ರ ಕುರ್‌ಆನ್ (51: 24-27) ಹ. ಇಬ್ರಾಹೀಮ್(ಅ)ರ ಅತಿಥಿಗಳ ಘಟನೆಯನ್ನು ವಿವರಿಸುತ್ತದೆ. ಅಪರಿಚಿತರು ಮನೆಗೆ ಬರುತ್ತಾರೆ. ಇಬ್ರಾಹೀಮ್(ಅ) ಅವರಿಗೆ ತಿಳಿಯದಂತೆ ಮನೆಯೊಳಗೆ ಹೋಗಿ ಕೊಬ್ಬಿದ ಕರುವಿನ ಮಾಂಸವನ್ನು ಸಿದ್ಧಪಡಿಸಿ ತಂದು ಅವರ ಮುಂದಿಡುತ್ತಾರೆ. ಉಣ್ಣುವುದಿಲ್ಲವೇ ಎಂದು ಮೃದುವಾಗಿ ಕೇಳುತ್ತಾರೆ. ಊಟ ಬೇಕೇ ಎಂದು ಮೊದಲೇ ಕೇಳಿ ಅವರನ್ನು ಮುಜುಗರಕ್ಕೀಡು ಮಾಡಲಿಲ್ಲ, ತಾನು ಮಾಡಲಿರುವ ಏರ್ಪಾಟನ್ನು ಸಾರಿಕೊಳ್ಳಲಿಲ್ಲ, ತಡ ಮಾಡಲಿಲ್ಲ, ಅತಿಥಿಗಳನ್ನು ಎಬ್ಬಿಸಿ ಊಟದ ಬಳಿಗೆ ಕರೆದೊಯ್ಯದೆ ಊಟವನ್ನೇ ಅವರ ಬಳಿಗೆ ತಂದರು. ಸತ್ಕಾರದ ಇಡೀ ಶಿಷ್ಟಾಚಾರ ಈ ನಾಲ್ಕು ಸೂಕ್ತಗಳಲ್ಲಿ ಅಡಗಿದೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಇಲ್ಲಿ ಧಾರಾಳತನವಿದೆ. ಆದರೆ ಬಡಿಸಿದ್ದು ಒಂದೇ ಬಗೆ ಎಂಬುದನ್ನು ನಾವು ಗಮನಿಸುವುದಿಲ್ಲ.

ಇನ್ನೊಂದು ಆದರ್ಶ ಪ್ರವಾದಿವರ್ಯ(ಸ)ರ ವಲೀಮಾಗಳು. ಹ. ಝೈನಬ್(ರ)ರೊಂದಿಗಿನ ವಿವಾಹದ ವಲೀಮಾಕ್ಕೆ ಒಂದು ಆಡನ್ನು ಕೊಯ್ಯಲಾಯಿತು. ಅದನ್ನೇ ಆ ಮನೆಯ ಅತಿ ದೊಡ್ಡ ವಲೀಮಾ ಎಂದು ಹ. ಅನಸ್(ರ) ನೆನಪಿಸಿಕೊಂಡಿದ್ದಾರೆ. ಖೈಬರ್‌ನಿಂದ ಮರಳುವ ದಾರಿಯಲ್ಲಿ ನಡೆದ ಹ. ಸಫಿಯ್ಯಾ(ರ)ರ ವಲೀಮಾದಲ್ಲಿ ರೊಟ್ಟಿಯೂ ಇರಲಿಲ್ಲ, ಮಾಂಸವೂ ಇರಲಿಲ್ಲ. ಚರ್ಮದ ಹಾಸಿನ ಮೇಲೆ ಖರ್ಜೂರ, ಒಣಗಿಸಿದ ಗಿಣ್ಣು ಮತ್ತು ತುಪ್ಪವನ್ನು ಇಡಲಾಗಿತ್ತು. ಮತ್ತೊಂದು ವಲೀಮಾ ಕೇವಲ ಎರಡು ಮುದ್ದ್ ಬಾರ್ಲಿಯಲ್ಲಿ, ಅಂದರೆ ಎರಡು ಬೊಗಸೆಯಷ್ಟು ಧಾನ್ಯದಲ್ಲಿ, ಮುಗಿದಿತ್ತು. ಇದ್ದಾಗ ಆಡು, ಇಲ್ಲದಾಗ ಖರ್ಜೂರ. ಎರಡೂ ವಲೀಮಾವೇ, ಎರಡೂ ಸುನ್ನತ್ತೇ. ಆ ದಿನ ಇದ್ದುದನ್ನು ಸಂತೋಷದಿಂದ ಹಂಚಿಕೊಳ್ಳುವುದೇ ಅಲ್ಲಿನ ನಿಯಮವಾಗಿತ್ತು.

ಇಲ್ಲದ್ದನ್ನು ಇದೆಯೆಂದು ತೋರಿಸಲು ಪಡುವ ಪಾಡಿಗೆ ನಮ್ಮಲ್ಲಿ 'ತಕಲ್ಲುಫ್' ಎಂಬ ಪದವಿದೆ. ಉರ್ದು ಮಾತಾಡುವವರು ಅತಿಥಿಗೆ ದಿನಕ್ಕೆ ಹತ್ತು ಬಾರಿ 'ತಕಲ್ಲುಫ್ ಬೇಡ' ಎನ್ನುತ್ತಾರೆ. ತಕಲ್ಲುಫ್‌ನಿಂದ ನಮ್ಮನ್ನು ತಡೆಯಲಾಗಿದೆ ಎಂಬ ಹ. ಉಮರ್(ರ)ರ ಹೇಳಿಕೆ ಸಹೀಹ್ ಬುಖಾರಿಯಲ್ಲಿ ದಾಖಲಾಗಿದೆ. ಪದ ನಮ್ಮ ನಾಲಿಗೆಯಲ್ಲಿ ಉಳಿದಿದೆ. ಅದರ ನಿಷೇಧ ಮಾತ್ರ ಅಡುಗೆಮನೆಯನ್ನು ತಲುಪಿಲ್ಲ.

ಮೊದಲು ಪಟ್ಟಿ, ಆಮೇಲೆ ಪಾಕ

ಔತಣದ ಯೋಜನೆ ಎಂದೊಡನೆ ನಾವು ಏನು ಅಡುಗೆ ಮಾಡುವುದೆಂದು ಯೋಚಿಸುತ್ತೇವೆ. ಯಾರನ್ನು ಕರೆಯುವುದು ಎಂಬುದೇ ನಿಜವಾದ ಮೊದಲ ಪ್ರಶ್ನೆ. ಶ್ರೀಮಂತರನ್ನು ಕರೆದು ಬಡವರನ್ನು ಹೊರಗಿಡುವ ವಲೀಮಾದ ಆಹಾರವನ್ನು ಅತ್ಯಂತ ಕೆಟ್ಟ ಆಹಾರವೆಂದು ಹದೀಸ್ ಬಣ್ಣಿಸುತ್ತದೆ. ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿ ಬಂದಿರುವ ಈ ಎಚ್ಚರಿಕೆಯನ್ನು ಮುಂದಿಟ್ಟುಕೊಂಡು ನಮ್ಮ ಅತಿಥಿಗಳ ಪಟ್ಟಿಯನ್ನು ಒಮ್ಮೆ ಓದಿ ನೋಡೋಣ. ವ್ಯಾಪಾರದ ಪಾಲುದಾರ, ಊರಿನ ಮುಖಂಡ, ವೈದ್ಯ, ವಕೀಲ ಎಲ್ಲರೂ ಅದರಲ್ಲಿದ್ದಾರೆ. ಮಸೀದಿಯ ಮುಅದ್ದಿನ್ ಇದ್ದಾರೆಯೇ? ಬೀಡಿ ಕಟ್ಟಿ ಮಕ್ಕಳನ್ನು ಓದಿಸುವ ವಿಧವೆ ಚಿಕ್ಕಮ್ಮ ಇದ್ದಾರೆಯೇ? ಮನೆಯ ಕೆಲಸಕ್ಕೆ ಬರುವಾಕೆ ಪಾತ್ರೆ ತೊಳೆಯಲು ಬರುತ್ತಾಳೆಯೇ, ಅತಿಥಿಯಾಗಿ ಬರುತ್ತಾಳೆಯೇ?

ಇಪ್ಪತ್ತು ಜನರನ್ನು ಕರೆಯುವುದಾದರೆ ಅವರಲ್ಲಿ ನಾಲ್ವರಾದರೂ ನಮ್ಮನ್ನು ಮರಳಿ ಕರೆಯಲಾರದವರಾಗಿರಲಿ. ಅವರನ್ನು ಬೇರೆ ದಿನ, ಬೇರೆ ಅಡುಗೆಗೆ ಕರೆಯುವುದಲ್ಲ. ಅದೇ ದಿನ, ಅದೇ ದಸ್ತರ್‌ಖಾನ್‌ಗೆ ಕರೆಯಬೇಕು. ಹೀಗೆ ಮಾಡಿದೊಡನೆ ಅಡುಗೆಯ ಪಟ್ಟಿ ತನ್ನಿಂತಾನೇ ಚಿಕ್ಕದಾಗುತ್ತದೆ. ಏಕೆಂದರೆ ಹನ್ನೆರಡು ಬಗೆಗಳು ಬೇಕಾಗುವುದು ನಮಗೆ ಸರಿಸಮಾನರಾದವರನ್ನು ಬೆರಗುಗೊಳಿಸಲು. ಹಸಿದು ಬಂದವರಿಗೂ ಪ್ರೀತಿಯಿಂದ ಬಂದವರಿಗೂ ಒಂದು ಒಳ್ಳೆಯ ಬಗೆ ಸಾಕು.

ಇನ್ನು ಪಾಕದ ಲೆಕ್ಕ. ಒಂದು ಕಿಲೋ ಅಕ್ಕಿ, ಹೆಚ್ಚುಕಡಿಮೆ ಅಷ್ಟೇ ತೂಕದ ಮಾಂಸ ಹಾಕಿ ಮಾಡಿದ ಬಿರಿಯಾನಿ ಸಾಮಾನ್ಯವಾಗಿ ಎಂಟರಿಂದ ಹತ್ತು ಮಂದಿಗೆ ಸಾಕಾಗುತ್ತದೆ. ಇಪ್ಪತ್ತು ಜನರಿಗೆ ಎರಡೂವರೆ ಕಿಲೋ ಹಾಕಿದರೆ ಧಾರಾಳವಾಯಿತು. ಇದು ಎಲ್ಲ ಗೃಹಿಣಿಯರಿಗೂ ತಿಳಿದ ಲೆಕ್ಕವೇ. ಎಡವಟ್ಟಾಗುವುದು ಬಗೆಗಳು ಹೆಚ್ಚಿದಾಗ. ಬಿರಿಯಾನಿಯೊಂದಿಗೆ ತುಪ್ಪದನ್ನ, ಪರೋಟ, ಕರಿದ ಕೋಳಿ, ಮೀನು ಇಟ್ಟಾಗ ಉಣ್ಣುವವನ ಹೊಟ್ಟೆ ಐದು ಪಟ್ಟು ಹಿಗ್ಗುವುದಿಲ್ಲ. ಅವನು ಪ್ರತಿಯೊಂದರಿಂದ ಸ್ವಲ್ಪ ಸ್ವಲ್ಪ ತಿನ್ನುತ್ತಾನೆ. ಆದರೆ ಕಡಿಮೆ ಬಿದ್ದರೆ ಮಾನ ಹೋದೀತೆಂಬ ಭಯದಿಂದ ನಾವು ಪ್ರತಿಯೊಂದು ಬಗೆಯನ್ನೂ ಇಪ್ಪತ್ತು ಜನರಿಗೆ ಪೂರ್ತಿಯಾಗಿ ಬೇಯಿಸುತ್ತೇವೆ. ಆಹಾರ ತಿಪ್ಪೆ ಸೇರುವುದು ಈ ಲೆಕ್ಕ ತಪ್ಪುವಲ್ಲಿ. ಒಂದು ಮುಖ್ಯ ಬಗೆ, ಅದಕ್ಕೊಪ್ಪುವ ಒಂದು ಪಲ್ಯ ಅಥವಾ ಸಾರು, ಒಂದು ಹಸಿ ತರಕಾರಿಯ ಕೋಸಂಬರಿ, ಕೊನೆಗೆ ಹಣ್ಣು ಇಲ್ಲವೇ ಒಂದು ಸಿಹಿ ಎಂದು ನಿರ್ಧರಿಸಿದರೆ ಲೆಕ್ಕ ತಪ್ಪುವುದಿಲ್ಲ. ಇಬ್ಬರ ಊಟ ಮೂವರಿಗೆ ಸಾಕು ಎಂದು ಕಲಿಸಲ್ಪಟ್ಟ ಸಮುದಾಯಕ್ಕೆ ಅನಿರೀಕ್ಷಿತವಾಗಿ ಇಬ್ಬರು ಹೆಚ್ಚಿಗೆ ಬಂದರೂ ಗಾಬರಿಯಾಗಬೇಕಾಗಿಲ್ಲ.

ಆರೋಗ್ಯದ ಮಾತನ್ನೂ ಇಲ್ಲಿ ಹೇಳಬೇಕು. ದೇಶದಲ್ಲಿ 10 ಕೋಟಿಗೂ ಅಧಿಕ ಮಂದಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ. ಅಂದರೆ ಇಪ್ಪತ್ತು ಜನ ಕುಳಿತ ಪಂಕ್ತಿಯಲ್ಲಿ ಒಬ್ಬಿಬ್ಬರು ಮಧುಮೇಹಿಗಳು ಇದ್ದೇ ಇರುತ್ತಾರೆ. 'ಒಂದು ದಿನಕ್ಕೆ ಏನೂ ಆಗುವುದಿಲ್ಲ' ಎಂದು ಅವರ ತಟ್ಟೆಗೆ ಬಲವಂತವಾಗಿ ಸಿಹಿ ಸುರಿಯುವುದು ಪ್ರೀತಿಯಲ್ಲ, ಹಿಂಸೆ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಹೊರಗೆ ತಣ್ಣಗೆ ಬಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಧ್ಯಾಹ್ನವೇ ಬೇಯಿಸಿಟ್ಟ ಅನ್ನ ಮತ್ತು ಮಾಂಸವನ್ನು ರಾತ್ರಿ ಇಶಾದ ಬಳಿಕ ಬಡಿಸುವ ನಮ್ಮ ರೂಢಿ ಅಪಾಯಕಾರಿ. ಒಂದೋ ಬಿಸಿಯಾಗಿಯೇ ಇಡಬೇಕು, ಇಲ್ಲವೇ ಬಡಿಸುವ ಹೊತ್ತಿಗೆ ಸಮೀಪವಾಗಿ ಬೇಯಿಸಬೇಕು. ಬಗೆಗಳು ಕಡಿಮೆಯಿದ್ದರೆ ಇದೂ ಸುಲಭ.

ಅಡುಗೆಮನೆಯಲ್ಲಿರುವವರು

ಔತಣದ ಹೊಗಳಿಕೆ ಯಜಮಾನನಿಗೆ, ದುಡಿಮೆ ಮನೆಯ ಹೆಂಗಸರಿಗೆ. ಇದು ನಮ್ಮ ಸಮಾಜದ ಅಲಿಖಿತ ನಿಯಮ. ಗಂಡ ಮಸೀದಿಯಿಂದ ಹೊರಬರುತ್ತಾ ಆರು ಮಂದಿಯನ್ನು ಊಟಕ್ಕೆ ಕರೆಯುತ್ತಾನೆ, ಬಳಿಕ ಮನೆಗೆ ಫೋನು ಮಾಡುತ್ತಾನೆ. ರಮಝಾನ್‌ನಲ್ಲಂತೂ ಅಸ್ರ್‌ನಿಂದ ಮಗ್ರಿಬ್‌ವರೆಗಿನ ಅಮೂಲ್ಯ ಹೊತ್ತನ್ನು, ದುಆಕ್ಕೂ ಕುರ್‌ಆನ್ ಪಾರಾಯಣಕ್ಕೂ ಮೀಸಲಾಗಬೇಕಾದ ಹೊತ್ತನ್ನು, ನಮ್ಮ ತಾಯಂದಿರು ಮತ್ತು ಸಹೋದರಿಯರು ಎಣ್ಣೆಯ ಬಾಣಲೆಯ ಮುಂದೆ ಕಳೆಯುತ್ತಾರೆ. ಗಂಡಸರ ಪಂಕ್ತಿ ಮುಗಿದು, ಮಕ್ಕಳ ಪಂಕ್ತಿ ಮುಗಿದು, ಹೆಂಗಸರು ಕೂರುವ ಹೊತ್ತಿಗೆ ಪಾತ್ರೆಯಲ್ಲಿ ಮಸಾಲೆ ಮತ್ತು ಮೂಳೆ ಮಾತ್ರ ಉಳಿದಿರುತ್ತದೆ. ಅಡುಗೆ ಮಾಡಿದಾಕೆಗೆ ಉಣ್ಣಲು ಹಸಿವೂ ಉಳಿದಿರುವುದಿಲ್ಲ.

ಪ್ರವಾದಿ(ಸ) ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದವರಿಗೆ, ಅವರು ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಹ. ಆಯಿಷಾ(ರ) ಉತ್ತರಿಸಿದ್ದರು. ಈ ಹದೀಸನ್ನು ನಾವು ಪ್ರವಚನಗಳಲ್ಲಿ ಎಷ್ಟು ಬಾರಿ ಕೇಳಿಲ್ಲ! ಗಡ್ಡ ಮತ್ತು ಮಿಸ್ವಾಕ್‌ನ ಸುನ್ನತ್ತಿನಷ್ಟೇ ಈರುಳ್ಳಿ ಹೆಚ್ಚುವ, ಪಾತ್ರೆ ತೊಳೆಯುವ, ತಟ್ಟೆ ಎತ್ತುವ ಸುನ್ನತ್ತೂ ಜೀವಂತವಾಗಬೇಡವೇ? ಔತಣಕ್ಕೆ ಕರೆಯುವ ಮುನ್ನ ಮನೆಯಾಕೆಯೊಂದಿಗೆ ಸಮಾಲೋಚಿಸುವುದು, ಹಿಂದಿನ ದಿನವೇ ಸಾಮಾನು ತಂದುಕೊಡುವುದು, ಬಡಿಸುವ ಮತ್ತು ತೊಳೆಯುವ ಕೆಲಸವನ್ನು ಗಂಡುಮಕ್ಕಳಿಗೆ ವಹಿಸುವುದು, ಹೆಂಗಸರ ಪಾಲನ್ನು ಮೊದಲೇ ಬೇರೆ ಪಾತ್ರೆಯಲ್ಲಿ ತೆಗೆದಿಡುವುದು, ಇವೆಲ್ಲ ದುಬಾರಿ ಸಲಹೆಗಳಲ್ಲ. ಇವುಗಳಿಗೆ ಬೇಕಾದುದು ಹಣವಲ್ಲ, ಅಲ್ಲಾಹನ ಭಯ.

ದುಂದಿನ ಲೆಕ್ಕ

'ಹಣ ನಮ್ಮದು, ಸಂಪಾದನೆ ಹಲಾಲ್, ಖರ್ಚು ಮಾಡಿದರೆ ತಪ್ಪೇನು?' ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವೇ. ಒಳ್ಳೆಯ ಆಹಾರವನ್ನು ಇಸ್ಲಾಮ್ ನಿಷೇಧಿಸಿಲ್ಲ. ಉಣ್ಣಿರಿ, ಕುಡಿಯಿರಿ, ಆದರೆ ಮಿತಿ ಮೀರದಿರಿ ಎಂಬುದೇ ಅದರ ನಿಲುವು (7: 31). ದುಂದುಗಾರರನ್ನು ಶೈತಾನನ ಸಹೋದರರ ಸಾಲಿಗೆ ಸೇರಿಸಿದ ಕುರ್‌ಆನ್ (17: 26-27), ಅದೇ ಸಂದರ್ಭದಲ್ಲಿ ಬಂಧುವಿನ, ಬಡವನ, ಪ್ರಯಾಣಿಕನ ಹಕ್ಕನ್ನು ಪ್ರಸ್ತಾಪಿಸಿದೆ. ಅಂದರೆ ದುಂದಾಗಿ ಚೆಲ್ಲಿದ್ದು ನಮ್ಮ ಹಣವಲ್ಲ, ಇನ್ನೊಬ್ಬರ ಹಕ್ಕು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತು 105 ಕೋಟಿ ಟನ್ ಆಹಾರವನ್ನು ವ್ಯರ್ಥಗೊಳಿಸಿತು. ಅದರಲ್ಲಿ ಶೇ. 60ರಷ್ಟು ಪೋಲಾದದ್ದು ಹೋಟೆಲು, ಅಂಗಡಿಗಳಲ್ಲಲ್ಲ, ಮನೆಗಳಲ್ಲಿ. ನಮ್ಮದೇ ಬೆಂಗಳೂರಿನ ಕಲ್ಯಾಣ ಮಂಟಪಗಳನ್ನು ದಶಕಕ್ಕೂ ಹಿಂದೆ ಅಧ್ಯಯನ ಮಾಡಿದ ಕೃಷಿ ವಿಶ್ವವಿದ್ಯಾಲಯದ ತಜ್ಞರು, ವರ್ಷಕ್ಕೆ ಸುಮಾರು 943 ಟನ್ ಒಳ್ಳೆಯ ಆಹಾರ ಅಲ್ಲಿ ಪೋಲಾಗುತ್ತಿದೆ ಎಂದು ಅಂದಾಜಿಸಿದ್ದರು. ಈ ರೋಗ ಒಂದು ಸಮುದಾಯದ್ದಲ್ಲ. ಆದರೆ ಆಹಾರದ ಒಂದು ತುತ್ತು ಕೆಳಗೆ ಬಿದ್ದರೂ ಎತ್ತಿ ಶುಚಿಗೊಳಿಸಿ ತಿನ್ನುವಂತೆ ಕಲಿಸಲ್ಪಟ್ಟ ಸಮುದಾಯ ಇದರಲ್ಲಿ ಪಾಲುದಾರನಾಗುವುದು ಹೆಚ್ಚು ನಾಚಿಕೆಗೇಡು.

ಸರಕಾರಗಳು ಕಾನೂನಿನ ಮೂಲಕ ಇದನ್ನು ತಡೆಯಲು ಯತ್ನಿಸಿದ್ದುಂಟು. ಪಾಕಿಸ್ತಾನದಲ್ಲಿ 1997ರಲ್ಲಿ ಮದುವೆಯ ಊಟಕ್ಕೇ ನಿರ್ಬಂಧ ಹೇರಲಾಗಿತ್ತು. ಜಮ್ಮು-ಕಾಶ್ಮೀರ ಸರಕಾರ 2017ರಲ್ಲಿ ಮದುವೆಯ ಅತಿಥಿಗಳ ಸಂಖ್ಯೆಗೂ ಬಗೆಗಳ ಸಂಖ್ಯೆಗೂ ಮಿತಿ ವಿಧಿಸಿ ಆದೇಶ ಹೊರಡಿಸಿತ್ತು. ಆದರೆ ಕಾನೂನು ಸಭಾಂಗಣದ ಬಾಗಿಲವರೆಗೆ ಬರಬಹುದು, ಮನೆಯ ಅಡುಗೆಕೋಣೆಗೆ ಬರಲಾರದು. ಅಲ್ಲಿಗೆ ಬರಬಲ್ಲದ್ದು ಮನಸ್ಸಾಕ್ಷಿಯೊಂದೇ.

ಜಾಗರೂಕತೆಯಿಂದ ಮಾಡಿದರೂ ಸ್ವಲ್ಪ ಉಳಿಯಬಹುದು. ಅದಕ್ಕೂ ಮೊದಲೇ ಯೋಜನೆ ಇರಲಿ. ಮುಟ್ಟದ ಅಡುಗೆಯನ್ನು ಅಂದೇ ರಾತ್ರಿ ಬಿಸಿಯಿರುವಾಗಲೇ ಕಟ್ಟಿ ಅತಿಥಿಗಳ ಕೈಗೆ, ನೆರೆಮನೆಗೆ ತಲುಪಿಸಬೇಕು. ಮೂರನೇ ದಿನ ಫ್ರಿಜ್‌ನಿಂದ ತೆಗೆದು ಬಡವರಿಗೆ ಕೊಡುವುದು ದಾನವಲ್ಲ. ಸಾರು ಮಾಡುವಾಗ ನೀರು ಸ್ವಲ್ಪ ಹೆಚ್ಚಿಸಿ ನೆರೆಯವರನ್ನು ನೆನೆಯುವಂತೆ ಪ್ರವಾದಿ(ಸ) ಹ. ಅಬೂಝರ್(ರ)ರಿಗೆ ಉಪದೇಶಿಸಿದ್ದರು. ನೆರೆಯವರ ಪಾಲು ಮೊದಲೇ ಲೆಕ್ಕದಲ್ಲಿರಬೇಕು, ಉಳಿದದ್ದರಲ್ಲಿ ಅಲ್ಲ.

ನೆರೆಮನೆಯ ಬಾಗಿಲು

ಈ ನೆರೆಯವರು ಯಾರು? ಅಬ್ದುಲ್ಲಾಹ್ ಬಿನ್ ಅಮ್ರ್(ರ)ರ ಮನೆಯಲ್ಲಿ ಆಡು ಕೊಯ್ದಾಗ, ನಮ್ಮ ಯಹೂದಿ ನೆರೆಯವನಿಗೆ ಕಳುಹಿಸಿದಿರಾ ಎಂದು ಅವರು ಮತ್ತೆ ಮತ್ತೆ ಮನೆಯವರನ್ನು ವಿಚಾರಿಸಿದ್ದರು. ಇಂದು ನಮ್ಮ ನಾಡಿನಲ್ಲಿ ಈ ಘಟನೆಗೆ ವಿಶೇಷ ಅರ್ಥವಿದೆ. 2022ರಲ್ಲಿ ಕರ್ನಾಟಕದಲ್ಲಿ ಜಾತ್ರೆಗಳಿಂದ ಮುಸ್ಲಿಮ್ ವ್ಯಾಪಾರಿಗಳನ್ನು ಹೊರಗಿಡುವ ಕರೆ ಕೇಳಿಬಂತು, ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸದ ಬಹಿಷ್ಕಾರದ ಅಭಿಯಾನ ನಡೆಯಿತು. ಊಟವನ್ನೇ ಗೋಡೆಯಾಗಿ ಕಟ್ಟುವ ಪ್ರಯತ್ನ ಅದು. ಆ ಗೋಡೆಗೆ ಪತ್ರಿಕಾ ಹೇಳಿಕೆಗಳಿಂದ ಬಿರುಕು ಬೀಳುವುದಿಲ್ಲ. ಹತ್ತು ವರ್ಷದಿಂದ ಪಕ್ಕದಲ್ಲಿರುವ ಹಿಂದೂ, ಕ್ರೈಸ್ತ ಕುಟುಂಬ ನಮ್ಮ ಮನೆಯೊಳಗೆ ಒಮ್ಮೆಯೂ ಕಾಲಿಟ್ಟಿಲ್ಲವೆಂದಾದರೆ, ನಮ್ಮ ಬಗ್ಗೆ ಅವರಿಗೆ ತಿಳಿದಿರುವುದು ಟಿ.ವಿ. ಹೇಳಿದ್ದು ಮಾತ್ರ. ಅದರಲ್ಲಿ ನಮ್ಮ ಪಾಲೂ ಇಲ್ಲವೇ?

ಅವರನ್ನು ಕರೆಯುವಾಗ ಅವರ ಆಚಾರವನ್ನು ಗೌರವಿಸುವುದು ಆತಿಥ್ಯದ ಭಾಗ. ಸಸ್ಯಾಹಾರಿಗಳಿದ್ದರೆ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಮೇಜು ಇರಲಿ. ಯಾವುದರಲ್ಲಿ ಏನಿದೆ ಎಂದು ಮೊದಲೇ ಸ್ಪಷ್ಟವಾಗಿ ಹೇಳಬೇಕು. ನಮ್ಮಲ್ಲಿ ಬೇಯಿಸಿದ್ದನ್ನು ಉಣ್ಣದವರಿಗೆ ಹಣ್ಣು, ಎಳನೀರು ಸಾಕು. ಒಲ್ಲೆನೆಂದವರನ್ನು ಒತ್ತಾಯಿಸಬಾರದು, ಅದನ್ನು ಅವಮಾನವೆಂದೂ ಭಾವಿಸಬಾರದು. ಅವರು ಕರೆದಾಗ ನಾವೂ ಹೋಗಬೇಕು, ನಮಗೆ ನಿಷಿದ್ಧವಾದುದನ್ನು ವಿನಯದಿಂದ ತಿಳಿಸಿ ಉಳಿದುದನ್ನು ಉಣ್ಣಬೇಕು.

ಇದಕ್ಕೆ ವ್ಯತಿರಿಕ್ತವಾಗಿ, ಸೌಹಾರ್ದದ ಹೆಸರಿನಲ್ಲಿ ನಡೆಯುವ ರಾಜಕೀಯ ಇಫ್ತಾರ್ ಕೂಟಗಳನ್ನು ನೋಡಿ. ಟೊಪ್ಪಿ ಧರಿಸಿದ ನಾಯಕರು, ಕ್ಯಾಮರಾಗಳ ಸಾಲು, ಉಪವಾಸಿಗರಿಗಿಂತ ಹೆಚ್ಚಾಗಿ ಉಪವಾಸವಿಲ್ಲದವರು. ಮರುದಿನ ಪತ್ರಿಕೆಯಲ್ಲಿ ಚಿತ್ರ ಬಂದರೆ ಅಲ್ಲಿಗೆ ಸೌಹಾರ್ದ ಮುಗಿಯಿತು. ಡಾ. ಎ.ಪಿ.ಜೆ. ಅಬ್ದುಲ್ ಕಲಾಮ್ 2002ರಲ್ಲಿ ರಾಷ್ಟ್ರಪತಿಯಾದಾಗ ರಾಷ್ಟ್ರಪತಿ ಭವನದ ಇಫ್ತಾರ್ ಕೂಟವನ್ನು ಕೈಬಿಟ್ಟು, ಅದರ ಮೊತ್ತವನ್ನು ಅನಾಥಾಲಯಗಳಿಗೆ ಮುಟ್ಟಿಸಿದರು. ಉಂಡವರಿಗೇ ಮತ್ತೆ ಉಣಿಸುವುದೇಕೆ ಎಂಬುದು ಅವರ ನಿಲುವಾಗಿತ್ತು. ಬೃಹತ್ ಕೂಟಗಳಿಗೆ ಸಾಲುಗಟ್ಟಿ ಹೋಗುವ ನಮ್ಮ ಮುಖಂಡರು ತಮ್ಮ ಮನೆಯ ಸಾಧಾರಣ ಇಫ್ತಾರಿಗೆ ಎರಡು ನೆರೆಮನೆಯವರನ್ನು ಕರೆದರೆ ಸಮಾಜಕ್ಕೆ ಹೆಚ್ಚು ಪ್ರಯೋಜನವಾದೀತು.

ಅತಿಥಿಗೂ ಹೊಣೆಯಿದೆ

ಎಲ್ಲವನ್ನೂ ಆತಿಥೇಯರ ಮೇಲೆ ಹೊರಿಸುವುದು ನ್ಯಾಯವಲ್ಲ. ಝೈನಬ್(ರ)ರ ವಲೀಮಾದ ದಿನ ಉಂಡ ಬಳಿಕವೂ ಹರಟುತ್ತಾ ಕುಳಿತವರನ್ನು ಉದ್ದೇಶಿಸಿ ಕುರ್‌ಆನ್ (33: 53) ಅತಿಥಿಗಳಿಗೆ ಶಿಸ್ತು ಕಲಿಸಿದೆ. ಕರೆಯದೆ ಹೋಗಬಾರದು, ಅಡುಗೆಯಾಗುವುದನ್ನು ಕಾಯುತ್ತಾ ಕೂರಬಾರದು, ಉಂಡ ಮೇಲೆ ಹೊರಡಬೇಕು. ಬರುತ್ತೇವೆಂದು ಹೇಳಿ ಬಾರದಿರುವುದು, ಇಬ್ಬರೆಂದು ಹೇಳಿ ಆರು ಮಂದಿ ಬರುವುದು, ಎಂಟು ಗಂಟೆಗೆ ಕರೆದರೆ ಹತ್ತಕ್ಕೆ ತಲುಪುವುದು ಆತಿಥೇಯರಿಗೆ ಮಾಡುವ ಅನ್ಯಾಯ. ಎಲ್ಲಕ್ಕಿಂತ ಕೆಟ್ಟದ್ದು, ಮನೆಗೆ ಮರಳಿದ ಬಳಿಕ ನಡೆಯುವ ವಿಮರ್ಶೆ: 'ಮಾಂಸ ಬೆಂದಿರಲಿಲ್ಲ, ಅವರ ಸ್ಥಿತಿಗೆ ಅಷ್ಟೇ ಮಾಡಬಹುದಿತ್ತೇ?' ಪ್ರವಾದಿ(ಸ) ಎಂದೂ ಆಹಾರವನ್ನು ಹಳಿದವರಲ್ಲ. ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲವಾದರೆ ಬಿಡುತ್ತಿದ್ದರು. ಮೇಜಿನ ಮೇಲಿನ ಹನ್ನೆರಡು ಬಗೆಗಳು ಅರ್ಧದಷ್ಟು ಈ ನಾಲಿಗೆಗಳ ಭಯದಿಂದಲೇ ಹುಟ್ಟಿವೆ.

ಬದಲಾವಣೆ ಎಲ್ಲಿಂದ ಆರಂಭವಾಗಬೇಕು? ಇದ್ದವರ ಮನೆಯಿಂದ. ಬಡವ ಒಂದೇ ಬಗೆ ಬಡಿಸಿದರೆ ಜನ ಅದನ್ನು ಬಡತನ ಎನ್ನುತ್ತಾರೆ. ಸಿರಿವಂತ ಒಂದೇ ಬಗೆ ಬಡಿಸಿದರೆ ಅದು ಮಾದರಿಯಾಗುತ್ತದೆ, ಹತ್ತಾರು ಬಡ ಮನೆಗಳ ಬಾಗಿಲು ಮತ್ತೆ ತೆರೆಯುತ್ತದೆ. ಮೊಹಲ್ಲಾದ ನಾಲ್ಕು ಸ್ಥಿತಿವಂತ ಕುಟುಂಬಗಳು, ಜಮಾಅತ್ ಸಮಿತಿಯ ಪದಾಧಿಕಾರಿಗಳು ಮತ್ತು ಖತೀಬರು ಈ ವರ್ಷ ತಮ್ಮ ಮನೆಯ ಔತಣಗಳಲ್ಲಿ ಒಂದೇ ಮುಖ್ಯ ಬಗೆ ಎಂದು ತೀರ್ಮಾನಿಸಲಿ. ಜುಮುಅದ ಖುತ್ಬಾದಲ್ಲಿ ಅದನ್ನು ಹೇಳುವುದಕ್ಕಿಂತ ಮೊದಲು ಮಾಡಿ ತೋರಿಸಲಿ.

ಮದೀನಾದ ಅನ್ಸಾರಿ ದಂಪತಿಗಳು ಮಕ್ಕಳನ್ನು ಹಸಿವಿನಲ್ಲೇ ಮಲಗಿಸಿ, ಇದ್ದ ಅಲ್ಪ ಆಹಾರವನ್ನು ಅತಿಥಿಯ ಮುಂದಿಟ್ಟು, ತಾವೂ ಉಣ್ಣುತ್ತಿದ್ದೇವೆಂದು ಆತನಿಗೆ ಅನಿಸಲೆಂದು ದೀಪ ಆರಿಸಿದ್ದರು. ಆ ರಾತ್ರಿ ಆ ಮನೆಯ ಊಟವನ್ನು ಕಂಡ ಮನುಷ್ಯರಿಲ್ಲ. ಆದರೆ ಅಲ್ಲಾಹನು ಅದನ್ನು ಮೆಚ್ಚಿದನು. ನಾವು ದೀಪ ಆರಿಸಬೇಕಾಗಿಲ್ಲ. ಮೊಬೈಲನ್ನು ಬದಿಗಿಟ್ಟು, ಬಗೆಗಳನ್ನು ಕಡಿಮೆ ಮಾಡಿ, ಬಹುದಿನದಿಂದ ಕರೆಯದ ಒಬ್ಬ ಬಂಧುವನ್ನು, ಒಬ್ಬ ನೆರೆಯವನನ್ನು ಈ ವಾರವೇ ಕರೆದರೆ ಸಾಕು.